ಈ ಫೋಟೊದಲ್ಲಿರುವ ಗಾಡಿ ಯಾವುದು?

ಹುಬ್ಬಳ್ಳಿ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಹಾವೇರಿ ಬಿಟ್ಟು ಬ್ಯಾಡಗಿ ಹತ್ತಿರವಾಗುತ್ತಿದ್ದಂತೆ, ಅದು ಮೆಣಸಿನಕಾಯಿ ಸುಗ್ಗಿಯ ಕಾಲವಾಗಿದ್ದರೆ, ಕಿಟಕಿ ಪಕ್ಕ ಕುಳಿತವರು ಒಂದು ಸಲವಾದರೂ ಸೀನುತ್ತಾರೆ. ಹೊಸಬರು ಕಿಟಕಿ ಹಾಕಿಕೊಳ್ಳುತ್ತಾರೆ. ಊರಿನವರು ಸುಮ್ಮನೆ ಮೂಗು ಒರೆಸಿಕೊಂಡು ಈ ವರ್ಷದ ಧಾರಣೆಯ ಮಾತಿಗೆ ತೊಡಗುತ್ತಾರೆ. ಮುಂದೆ ದೇವರಗುಡ್ಡ, ಆಮೇಲೆ ನಮ್ಮ ರಾಣೆಬೆನ್ನೂರು. ಎರಡೂ ಬದಿಗೆ ಹತ್ತಿ, ಗೋವಿನಜೋಳದ ಹೊಲಗಳು. ಅಲ್ಲಿಂದಾಚೆ ಚಳಗೇರಿ, ತುಂಗಭದ್ರೆಯ ಸೇತುವೆ, ಸೇತುವೆ ದಾಟಿದರೆ ಹರಿಹರ. ಒಂದು ಕಾಲಕ್ಕೆ ಈ ದಂಡೆ ಮುಂಬಯಿ ಸರ್ಕಾರದ್ದು, ಆ ದಂಡೆ ಮೈಸೂರು ಮಹಾರಾಜರದು. ಎರಡು ಸರ್ಕಾರಗಳನ್ನು 1880ರ ದಶಕದಲ್ಲಿ ಒಂದೇ ಹಳಿಯಿಂದ ಹೊಲಿದದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಆ ಹಳಿಗಳ ನಡುವಿನ ಅಂತರ ಒಂದು ಮೀಟರ್. ಈ ಒಂದು ಮೀಟರಿನ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಈ ಮೂರು ಊರುಗಳ ಹಳೆಯ ಮನೆಗಳಲ್ಲಿ ಟ್ರಂಕು ತೆಗೆಸಿದರೆ ಒಂದಾದರೂ ರೈಲಿನ ಫೋಟೊ ಸಿಗುತ್ತದೆ. ಕಾರಣ ಸರಳ. ಆಗ ಫೋಟೊ ತೆಗೆಸುವುದೆಂದರೆ ಖರ್ಚಿನ ಬಾಬತ್ತು, ದಿನಾ ಆಗುವ ಕೆಲಸವಲ್ಲ. ಮಗ ಮಿಲಿಟರಿಗೆ ಹೊರಟಾಗ, ಮದುವೆಯ ದಿಬ್ಬಣ ಬಂದಿಳಿದಾಗ, ಸ್ಟೇಷನ್ ಮಾಸ್ತರರಿಗೆ ವರ್ಗವಾದಾಗ ಸ್ಟುಡಿಯೊದವರನ್ನು ಕರೆಸುತ್ತಿದ್ದರು. ಹಿನ್ನೆಲೆಯಲ್ಲಿ ಗಾಡಿ ತಾನಾಗಿ ಬಂದು ನಿಲ್ಲುತ್ತಿತ್ತು. ಆದರೆ ಫೋಟೊದ ಬೆನ್ನಿನ ಮೇಲೆ ಇಸವಿ ಬರೆದಿಡುವ ಅಭ್ಯಾಸ ನಮ್ಮವರಿಗೆ ಇಲ್ಲ. ಮನುಷ್ಯರ ಮುಖ ಮರೆತುಹೋದಾಗ ಸಾಕ್ಷಿ ಹೇಳಲು ಉಳಿಯುವುದು ಹಿಂದೆ ನಿಂತ ಆ ಎಂಜಿನ್ ಒಂದೇ.

ನಾನು ವಿಜ್ಞಾನದ ಮಾಸ್ತರ. ವರ್ಷಕ್ಕೊಂದು ಸಲ, ದಸರಾ ರಜೆಗೆ ಮುಂಚೆ, ಹತ್ತನೇ ಇಯತ್ತೆಯ ಮಕ್ಕಳನ್ನು ರಾಣೆಬೆನ್ನೂರಿನಿಂದ ಹಾವೇರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಅವರವರ ಮನೆಯ ಹಳೆಯ ಫೋಟೊಗಳ ಜೆರಾಕ್ಸ್ ಪ್ರತಿ, ಒಂದು ಸ್ಕೇಲು, ಒಂದು ಭೂತಗನ್ನಡಿ, ಬುತ್ತಿ, ಇಷ್ಟು ಸಾಕು. ಹಾವೇರಿಯಲ್ಲಿ ಇಳಿದು ಸಿದ್ಧೇಶ್ವರ ಗುಡಿ ನೋಡಿ, ಯಾಲಕ್ಕಿ ಮಾಲೆ ಕಟ್ಟುವವರನ್ನು ಮಾತನಾಡಿಸಿ, ಸಂಜೆ ಗಾಡಿಗೆ ಹಿಂದಿರುಗುತ್ತೇವೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: ಈ ಫೋಟೊ ಯಾವಾಗಿನದು?

ಮಕ್ಕಳು ಮೊದಲು ಎಂಜಿನ್ನಿನ ಮುಖ ನೋಡುತ್ತಾರೆ. ನಾನು ಕಾಲು ನೋಡಿರಿ ಎನ್ನುತ್ತೇನೆ. ಮೀಟರ್ ಗೇಜಿನ ಡಬ್ಬಿಯ ಅಗಲ ಸುಮಾರು ಒಂಬತ್ತು ಅಡಿ, ಹಳಿಗಳ ಅಂತರ ಮೂರೂಕಾಲು ಅಡಿ. ಭಾಗಿಸಿದರೆ ಎರಡೂಮುಕ್ಕಾಲರ ಹತ್ತಿರ ಬರುತ್ತದೆ. ಬ್ರಾಡ್ ಗೇಜಿನಲ್ಲಿ ಹಳಿಗಳ ಅಂತರ ಐದೂವರೆ ಅಡಿ, ಡಬ್ಬಿಯ ಅಗಲ ಹತ್ತಡಿ ಎಂಟಂಗುಲ. ಭಾಗಿಸಿದರೆ ಎರಡೂ ಆಗುವುದಿಲ್ಲ. ಎದುರಿನಿಂದ ತೆಗೆದ ಫೋಟೊ ಆಗಿದ್ದರೆ ಸ್ಕೇಲು ಇಟ್ಟು ಎರಡನ್ನೂ ಅಳೆದು ಭಾಗಿಸಿದರೆ ಸಾಕು. ಫೋಟೊ ದೊಡ್ಡದಿರಲಿ ಸಣ್ಣದಿರಲಿ, ಅನುಪಾತ ಬದಲಾಗುವುದಿಲ್ಲ. ಗಣಿತದ ಪುಸ್ತಕದಲ್ಲಿ ಅನುಪಾತದ ಪಾಠ ಯಾಕಿದೆ ಎಂದು ಕೇಳುವ ಹುಡುಗರಿಗೆ ನಾನು ಕೊಡುವ ಉತ್ತರ ಇದೇ. ಅಳೆಯುವ ಅವಕಾಶ ಇಲ್ಲದಿದ್ದರೂ ಕಣ್ಣಿಗೇ ಗೊತ್ತಾಗುತ್ತದೆ: ಮೀಟರ್ ಗೇಜಿನ ಗಾಡಿ ಸಣ್ಣ ಕಾಲಿನ ಮೇಲೆ ದೊಡ್ಡ ಹುಲ್ಲುಹೊರೆ ಹೊತ್ತವರ ಹಾಗೆ ಕಾಣುತ್ತದೆ.

ಇನ್ನೂ ಸುಲಭದ ಗುರುತು ಬಫರ್. ಎಂಜಿನ್ನಿನ ಮುಂಭಾಗದ ಕೆಳಗೆ ಎಡಕ್ಕೊಂದು ಬಲಕ್ಕೊಂದು ತಾಟಿನಂತಹ ದುಂಡನೆಯ ಬಫರುಗಳಿದ್ದರೆ ಅದು ಬ್ರಾಡ್ ಗೇಜ್. ನಟ್ಟನಡುವೆ ಒಂದೇ ಬಫರ್, ಅದರಲ್ಲೇ ಕೊಕ್ಕೆ ಇದ್ದರೆ ಮೀಟರ್ ಗೇಜ್. ಚಾಳೇಶ ಹಾಕಿಕೊಂಡ ಅಜ್ಜಂದಿರೂ ಇದನ್ನು ಪತ್ತೆ ಮಾಡಬಲ್ಲರು.

ಇದರಿಂದ ಸಿಗುವ ಲಾಭವೇನು? ನಮ್ಮ ಹುಬ್ಬಳ್ಳಿ–ಬೆಂಗಳೂರು ದಾರಿ ಬ್ರಾಡ್ ಗೇಜ್ ಆದದ್ದು 1990ರ ದಶಕದ ನಡುವಿನಲ್ಲಿ. ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್ ಅವರು ರೈಲ್ವೆ ಮಂತ್ರಿಯಾಗಿದ್ದಾಗ, 1992ರಲ್ಲಿ, ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಕೆಲಸ ಶುರುವಾಯಿತು. ಅದರ ಬಿಸಿ ನಮ್ಮ ಊರಿಗೂ ತಟ್ಟಿತು. ಹಾಗಾಗಿ ರಾಣೆಬೆನ್ನೂರಿನ ಫೋಟೊದಲ್ಲಿ ಎರಡು ಬಫರ್ ಕಂಡರೆ ಅದು ಆಮೇಲಿನದು, ಒಂದೇ ಬಫರ್ ಕಂಡರೆ ಮೊದಲಿನದು. ಸಿನಿಮಾದಲ್ಲಿ ಕಾಣುವ, ಗುಂಡಿನ ತುದಿಯಂತೆ ಉಬ್ಬಿದ ಮೂತಿಯ ಉಗಿ ಎಂಜಿನ್ ಫೋಟೊದಲ್ಲಿದ್ದರೆ, ಮನೆಯವರು ಎಷ್ಟೇ ಆಣೆ ಮಾಡಿದರೂ ಅದು ನಮ್ಮ ಸ್ಟೇಷನ್ ಅಲ್ಲ. ಅದು ಡಬ್ಲ್ಯುಪಿ, ಬ್ರಾಡ್ ಗೇಜಿನದು. ನಮ್ಮಲ್ಲಿಗೆ ಬ್ರಾಡ್ ಗೇಜ್ ಬರುವಷ್ಟರಲ್ಲಿ ಉಗಿ ಎಂಜಿನ್ನಿನ ಆಟ ಮುಗಿದಿತ್ತು. ಹಾಗೆಯೇ ಉಗಿ ಎಂಜಿನ್ ಕಂಡ ಕೂಡಲೇ ಬ್ರಿಟಿಷರ ಕಾಲದ ಫೋಟೊ ಎಂದು ಹೆಮ್ಮೆಪಡುವವರೂ ಇದ್ದಾರೆ. ಮೀಟರ್ ಗೇಜಿನ ವೈಜಿ ಎಂಬ ಉಗಿ ಎಂಜಿನ್ನನ್ನು ಚಿತ್ತರಂಜನ್ ಕಾರ್ಖಾನೆ 1972ರಲ್ಲೂ ತಯಾರಿಸಿದೆ. ಅದು ಇಪ್ಪತ್ತು ವರ್ಷ ಓಡಿರಲಿಕ್ಕೂ ಸಾಕು.

ಇನ್ನು ಡೀಸೆಲ್ ಎಂಜಿನ್. ಹೆಸರಿನ ಅಕ್ಷರಗಳಲ್ಲೇ ಅರ್ಧ ಉತ್ತರವಿದೆ. ಮೊದಲ ಅಕ್ಷರ ಡಬ್ಲ್ಯು ಆದರೆ ಬ್ರಾಡ್ ಗೇಜ್, ವೈ ಆದರೆ ಮೀಟರ್ ಗೇಜ್. ಎರಡನೆಯ ಅಕ್ಷರ ಡಿ ಎಂದರೆ ಡೀಸೆಲ್. ಮೂರನೆಯದು ಕೆಲಸದ್ದು: ಪಿ ಪ್ಯಾಸೆಂಜರಿಗೆ, ಜಿ ಗೂಡ್ಸಿಗೆ, ಎಂ ಎರಡಕ್ಕೂ. ನಮ್ಮ ಭಾಗದ ಮೀಟರ್ ಗೇಜಿನ ಹಳೆಯ ಡೀಸೆಲ್ ಫೋಟೊಗಳಲ್ಲಿ ಕಾಣುವುದು ವೈಡಿಎಂ-4. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ. 1961ರಿಂದ ಭಾರತಕ್ಕೆ ಬಂತು, ಕೆನಡಾದ ಮಾಂಟ್ರಿಯಲ್‌ನಿಂದ ಅದರ ತಮ್ಮನಂತಹ ವೈಡಿಎಂ-4ಎ ಬಂತು, 1968ರಿಂದ ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲೇ ತಯಾರಾಯಿತು. ಆರು ಸಿಲಿಂಡರ್, 1,400 ಅಶ್ವಶಕ್ತಿ, 72 ಟನ್ ತೂಕ, ಆರು ಅಚ್ಚು. ಅಚ್ಚೊಂದಕ್ಕೆ ಎಷ್ಟು ಭಾರ ಎಂದು ಕೇಳಿದರೆ ಐದನೇ ಇಯತ್ತೆಯ ಹುಡುಗನೂ ಹನ್ನೆರಡು ಟನ್ ಎನ್ನುತ್ತಾನೆ. ಬ್ರಾಡ್ ಗೇಜಿನಲ್ಲಿ ಇದರ ಅಣ್ಣ ಡಬ್ಲ್ಯುಡಿಎಂ-2: ಹದಿನಾರು ಸಿಲಿಂಡರ್, 2,600 ಅಶ್ವಶಕ್ತಿ, 112 ಟನ್ನಿಗೂ ಮಿಗಿಲು. ವಾರಾಣಸಿಯಲ್ಲಿ ತಯಾರಾದ ಅದರ ಮೊದಲ ಎಂಜಿನ್ ಹೊರಬಂದದ್ದು 1964ರ ಜನವರಿಯಲ್ಲಿ.

ಅಣ್ಣತಮ್ಮಂದಿರ ಮುಖ ಒಂದೇ. ಉದ್ದನೆಯ ಇಕ್ಕಟ್ಟಾದ ಪೆಟ್ಟಿಗೆ, ಒಂದು ತುದಿಗೆ ಹತ್ತಿರವಾಗಿ ಡ್ರೈವರನ ಕೋಣೆ, ಕೋಣೆಯಾಚೆ ಮತ್ತೊಂದು ಗಿಡ್ಡ ಪೆಟ್ಟಿಗೆ, ಪಕ್ಕದಲ್ಲಿ ಕಟಕಟೆ ಇರುವ ಕಾಲುದಾರಿ. ಮುಖ ನೋಡಿ ಮೋಸಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ನಂಬರ್ ಕಂಡರೆ ಜಗಳವೇ ಇಲ್ಲ. ನಾಲ್ಕಂಕಿಯಿದ್ದು 6ರಿಂದ ಶುರುವಾದರೆ ವೈಡಿಎಂ-4ರ ಬಳಗ. ಐದಂಕಿಯಿದ್ದು 16, 17, 18 ಎಂದಿದ್ದರೆ ಡಬ್ಲ್ಯುಡಿಎಂ-2ರ ಬಳಗ. 20ರಿಂದ ಶುರುವಾಗುವ ಐದಂಕಿ ಇದ್ದರೆ ಅದು 2001ರಲ್ಲಿ ಮೊದಲು ಬಂದ ಡಬ್ಲ್ಯುಡಿಪಿ-4, ನಾಲ್ಕು ಸಾವಿರ ಅಶ್ವಶಕ್ತಿಯದು, ನಮ್ಮ ಹುಬ್ಬಳ್ಳಿ ಷೆಡ್ಡಿನಲ್ಲೇ ಮೊದಲು ನೆಲೆಸಿದ್ದು.

ಹೊಗೆಯ ಬಗ್ಗೆಯೂ ಒಂದು ಮಾತು. ಕರಿಹೊಗೆ ಕಂಡ ಕೂಡಲೇ ಮಕ್ಕಳು ಉಗಿ ಎಂಜಿನ್ ಎನ್ನುತ್ತಾರೆ. ಆಲ್ಕೊ ಡೀಸೆಲ್‌ಗಳಿಗೆ ಸ್ಟೇಷನ್ ಬಿಡುವಾಗ ಹೊಗೆ ಉಗುಳುವುದು ಹುಟ್ಟುಗುಣ. ಡ್ರೈವರ್ ಒಮ್ಮೆಲೇ ಡೀಸೆಲ್ ಹೆಚ್ಚಿಸುತ್ತಾನೆ. ಗಾಳಿ ತುಂಬುವ ಟರ್ಬೊ ಚಕ್ರ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಗಾಳಿ ಸಾಲದೆ ಇಂಗಾಲ ಪೂರ್ತಿ ಉರಿಯದೆ ಮಸಿಯಾಗಿ ಹೊರಬೀಳುತ್ತದೆ. ಅಪೂರ್ಣ ದಹನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಪಠ್ಯಪುಸ್ತಕದಲ್ಲಿ ಇಲ್ಲ. ಧಾರವಾಡಕ್ಕೆ ಬಿಎಸ್ಸಿ ಓದಲು ಹೋಗಿ ಬರುತ್ತಿದ್ದಾಗ ನನ್ನ ಎಷ್ಟು ಬಿಳಿ ಅಂಗಿಗಳು ಈ ಪಾಠ ಕಲಿತವೋ ಲೆಕ್ಕವಿಲ್ಲ.

ಹೀಗೆ ಗುರುತು ಹಿಡಿಯುವುದು ಬರೀ ಆಟವಲ್ಲ ಎಂದು ನನಗೆ ಮನದಟ್ಟಾದದ್ದು 2012ರಲ್ಲಿ. ಒಬ್ಬ ವಿದ್ಯಾರ್ಥಿನಿ ಕಪ್ಪು ಬಿಳುಪಿನ ಗುಂಪು ಫೋಟೊ ತಂದಿದ್ದಳು. ಅವಳ ಅಜ್ಜ ಬ್ಯಾಡಗಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಯಾರೋ ಸ್ಟೇಷನ್ ಮಾಸ್ತರರ ಬೀಳ್ಕೊಡುಗೆ. ನಡುವೆ ಹಾರ ಹಾಕಿಕೊಂಡವರು, ಸುತ್ತ ಸಿಬ್ಬಂದಿ, ಹಿಂದೆ ಡೀಸೆಲ್ ಎಂಜಿನ್ ಮತ್ತು ಒಂದು ಡಬ್ಬಿಯ ತುದಿ. ಬಲಗಡೆಯ ಕೊನೆಗೆ ಅಜ್ಜ, ಅವರಿಗೆ ಆತುಕೊಂಡು ಒಬ್ಬ ಹುಡುಗ, ಎಂಟೊಂಬತ್ತು ವರ್ಷದವನು, ಚೌಕಡಿ ಅಂಗಿ.

ಆ ಹುಡುಗ ಯಾರು ಎಂಬುದೇ ಮನೆಯಲ್ಲಿ ತಕರಾರು. ಹುಡುಗಿಯ ತಂದೆ ಅದು ತಾನೇ ಎನ್ನುತ್ತಿದ್ದರು. ಆ ಚೌಕಡಿ ಅಂಗಿ ತೊಟ್ಟದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅಜ್ಜಿ ಮಾತ್ರ ಅದು ತಮ್ಮ ಹಿರಿಯ ಮಗ ಎನ್ನುತ್ತಿದ್ದರು. ಅವನು ಹುಟ್ಟಿದ್ದು 1964ರಲ್ಲಿ, ಜ್ವರದಿಂದ ತೀರಿಕೊಂಡದ್ದು 1973ರಲ್ಲಿ. ಅವನ ಬೇರೊಂದು ಫೋಟೊ ಆ ಮನೆಯಲ್ಲಿರಲಿಲ್ಲ. ಕಿರಿಯವರು, ಅಂದರೆ ಹುಡುಗಿಯ ತಂದೆ, 1970ರಲ್ಲಿ ಹುಟ್ಟಿದವರು. ಅಜ್ಜ ಆಗಲೇ ತೀರಿಹೋಗಿದ್ದರು, ಕೇಳಲು ಬೇರೆ ಯಾರೂ ಇರಲಿಲ್ಲ. ವಯಸ್ಸಾದ ತಾಯಿಯ ಆಸೆಯನ್ನು ಸುಳ್ಳು ಮಾಡುವುದೂ ಕಷ್ಟ, ಇಲ್ಲದ್ದನ್ನು ಹೌದೆನ್ನುವುದೂ ಕಷ್ಟ. ಒಪ್ಪಿಕೊಳ್ಳುವ ಮುಂಚೆ ನಾನು ತಂದೆಯವರನ್ನು ಕೇಳಿದೆ: ಉತ್ತರ ಯಾವುದೇ ಬಂದರೂ ಅವರಿಗೆ ಹೇಳಬಹುದೇ? ಒಂದು ದಿನ ಯೋಚಿಸಿ, ಹೇಳಬಹುದು ಎಂದರು.

ಒಂದೇ ಬಫರ್, ಹಾಗಾಗಿ ಮೀಟರ್ ಗೇಜ್. ಇದರಿಂದ ತೀರ್ಮಾನವಾಗದು, ಇಬ್ಬರ ಬಾಲ್ಯವೂ ಮೀಟರ್ ಗೇಜಿನದೇ. ಎಂಜಿನ್ನಿನ ನಂಬರಿನಲ್ಲಿ ಮೊದಲಿನ 6 ಮಾತ್ರ ಕಾಣುತ್ತಿತ್ತು, ಉಳಿದದ್ದಕ್ಕೆ ಯಾರದೋ ರುಮಾಲು ಅಡ್ಡ. ಅಂದರೆ ವೈಡಿಎಂ-4, 1961ಕ್ಕಿಂತ ಹಿಂದಿನದಲ್ಲ. ಕೆಳಗಿನ ಗೆರೆ ಸಿಕ್ಕಿತು; ಮೇಲಿನ ಗೆರೆ ಬೇಕಾಗಿತ್ತು. ಅದು ಸಿಕ್ಕದ್ದು ಡಬ್ಬಿಯ ಬಾಗಿಲ ಪಕ್ಕದಲ್ಲಿ. ಅಲ್ಲಿ ದರ್ಜೆಯನ್ನು ತೋರಿಸುವ ರೋಮನ್ ಅಂಕಿ, ನಿಂತ ಗೀಟುಗಳು. ಎರಡು ಗೀಟಾದರೆ ಎರಡನೇ ದರ್ಜೆ, ಮೂರಾದರೆ ಮೂರನೇ ದರ್ಜೆ. ನಮ್ಮ ರೈಲುಗಳಲ್ಲಿ ಮೂರನೇ ದರ್ಜೆಯನ್ನು ತೆಗೆದುಹಾಕಿದ್ದು 1974ರಲ್ಲಿ.

ನಾಲ್ವರು ಮಕ್ಕಳಿಗೆ ಭೂತಗನ್ನಡಿ ಕೊಟ್ಟು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಚೀಟಿಯಲ್ಲಿ ಬರೆಯಿರಿ ಎಂದೆ. ಒಬ್ಬ ಗಟ್ಟಿಯಾಗಿ ಮೂರು ಎಂದುಬಿಟ್ಟರೆ ಉಳಿದವರ ಕಣ್ಣಿಗೂ ಮೂರೇ ಕಾಣುತ್ತದೆ. ಚೀಟಿ ಬಿಚ್ಚಿದರೆ ನಾಲ್ಕರಲ್ಲೂ ಮೂರು. ಆದರೂ ಒಂದು ಸಂಶಯ ಉಳಿಯಿತು. ಫೋಟೊದ ಮೇಲೆ ಗೀರು ಬಿದ್ದರೆ ಅದೂ ಬೆಳ್ಳಗೇ ಕಾಣುತ್ತದೆ. ಮೂರನೆಯದು ಗೀಟೋ ಗೀರೋ? ಫೋಟೊವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆವು. ಗೀರಾಗಿದ್ದರೆ ಆ ಜಾಗದಲ್ಲಿ ಮೇಲಿನ ಹೊಳಪು ಒಡೆದಿರಬೇಕು. ಹೊಳಪು ಎಲ್ಲೂ ಒಡೆದಿರಲಿಲ್ಲ. ಗೀಟುಗಳ ನಡುವಿನ ಅಂತರವೂ ಸಮನಾಗಿತ್ತು.

1974ರ ಆದೇಶ ಬಂದ ದಿನವೇ ಎಲ್ಲ ಡಬ್ಬಿಗಳ ಬಣ್ಣ ಬದಲಾಗಿರಲಾರದು. ಡಬ್ಬಿ ವರ್ಕ್‌ಶಾಪಿಗೆ ಹೋದಾಗಲೇ ಬಣ್ಣ. ಒಂದೆರಡು ವರ್ಷ ಹೆಚ್ಚಿಗೆ ಹಿಡಿಯಿರಿ. 1976 ಎಂದರೂ ಕಿರಿಯ ಮಗನಿಗೆ ಆರು ವರ್ಷ. ಫೋಟೊದ ಹುಡುಗನ ತಲೆ ಅಜ್ಜನ ಎದೆಯವರೆಗೆ ಬಂದಿದೆ. ಆರು ವರ್ಷದ ಮಗು ಅಷ್ಟು ಎತ್ತರ ಇರಲಾರದು.

ಬ್ಯಾಡಗಿಯ ಅವರ ಮನೆಗೆ ಹೋಗಿ ಇದನ್ನೆಲ್ಲ ವಿವರಿಸಿದೆ. ಅಜ್ಜಿ ಸೊಪ್ಪು ಸೋಸುತ್ತ ಕುಳಿತಿದ್ದವರು ತಲೆ ಎತ್ತಲಿಲ್ಲ. "ನಾ ಹಡದಾಕಿ, ನನಗ ಗೊತ್ತಿಲ್ಲೇನ್ರಿ ಮಾಸ್ತರ? ನಿಮ್ಮ ಗೀಟಿನ ಲೆಕ್ಕಾ ಅವಗ ಹೇಳ್ರಿ" ಎಂದರು. ತಂದೆಯವರು ಫೋಟೊವನ್ನು ಬಹಳ ಹೊತ್ತು ನೋಡಿ, "ಹಂಗಾರ ಅಂಗಿ ಅಣ್ಣಂದು. ನನಗ ಆಮ್ಯಾಲೆ ಬಂದದ್ದು" ಎಂದರು. ಮರುವಾರ ರಾಣೆಬೆನ್ನೂರಿನ ಸ್ಟುಡಿಯೊದಲ್ಲಿ ಆ ಹುಡುಗನ ಭಾಗವನ್ನಷ್ಟೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಹಿನ್ನೆಲೆಯಲ್ಲಿ ಎಂಜಿನ್ನಿನ ಒಂದು ಚೂರೂ ಉಳಿಯಲಿಲ್ಲ. ಸ್ಟುಡಿಯೊದವನು ಎಲ್ಲ ಒರೆಸಿ ನೀಲಿ ಪರದೆ ಮಾಡಿದ್ದ! ಮೂಲ ಫೋಟೊ ಹಾಗೇ ಇಡಿರಿ ಎಂದು ಎರಡು ಸಲ ಹೇಳಿ ಬಂದೆ.

ಬಣ್ಣದ ಫೋಟೊಗಳು ಕಪ್ಪು ಬಿಳುಪಿಗಿಂತ ಸುಲಭ ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಬ್ಬಿಗಳ ಬಣ್ಣ ಬಹಳ ಕಾಲ ಕೆಂಗಂದು ಇತ್ತು, 1990ರ ದಶಕದಲ್ಲಿ ನೀಲಿಗೆ ತಿರುಗಿತು. ಇದು ಒಳ್ಳೆಯ ಗುರುತೇ. ಆದರೆ ಹಳೆಯ ಬಣ್ಣದ ಫೋಟೊಗಳಲ್ಲಿ ಹಸಿರುನೀಲಿ ವರ್ಣದ್ರವ್ಯ ಎಷ್ಟೋ ಸಲ ಮೊದಲು ಮಾಸುತ್ತದೆ, ಇಡೀ ಚಿತ್ರ ಕೆಂಪಡರುತ್ತದೆ. ಆಗ ನೀಲಿ ಡಬ್ಬಿಯೂ ಕಂದಾಗಿ ಕಂಡೀತು. ಅದೇ ಫೋಟೊದಲ್ಲಿ ಆಕಾಶ ಯಾವ ಬಣ್ಣದ್ದಿದೆ, ಬಿಳಿ ಧೋತರ ಯಾವ ಬಣ್ಣದ್ದಿದೆ ಎಂದು ನೋಡಿಕೊಂಡು ಡಬ್ಬಿಯ ಬಣ್ಣ ಹೇಳಬೇಕು.

ಡಬ್ಬಿಯ ಮೇಲಿನ ಅಕ್ಷರಗಳೂ ಸಾಕ್ಷಿ ಹೇಳುತ್ತವೆ. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ಹುಟ್ಟಿತು; ಅದಕ್ಕೆ ಮುಂಚೆ ಈ ದಾರಿಗಳಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯ ಅಕ್ಷರಗಳು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆಯಾಗಿ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು, ಮೈಸೂರು ವಿಭಾಗ ದಕ್ಷಿಣದಲ್ಲೇ ಉಳಿಯಿತು. 2003ರ ಏಪ್ರಿಲ್ 1ರಿಂದ ಎರಡೂ ನೈರುತ್ಯ ರೈಲ್ವೆಗೆ ಬಂದವು. ಆದರೆ ಡಬ್ಬಿ ಅಲೆಮಾರಿ. ಅಕ್ಷರ ಅದರ ತವರನ್ನು ಹೇಳುತ್ತದೆಯೇ ಹೊರತು ಫೋಟೊ ತೆಗೆದ ಊರನ್ನಲ್ಲ.

ಎಂಜಿನ್ನೂ ಅಲೆಮಾರಿಯೇ. ನಮ್ಮ ದೇಶದಲ್ಲಿ ಕೆಲಸವಿಲ್ಲದಾದ ವೈಡಿಎಂ-4ಗಳಲ್ಲಿ ಕೆಲವು ಮ್ಯಾನ್ಮಾರಿಗೆ ಹೋಗಿ ಅಲ್ಲಿಯ ಮೀಟರ್ ಗೇಜಿನಲ್ಲಿ ದುಡಿದವು. ಅಲಾಸ್ಕಾದಿಂದ ಕೆನಡಾದ ಯೂಕಾನ್ ಕಡೆಗೆ ಹಿಮದ ಬೆಟ್ಟ ಹತ್ತುವ ವೈಟ್ ಪಾಸ್ ರೈಲಿಗೂ 1969ರಿಂದ ಇದೇ ಆಲ್ಕೊ ವಂಶದ ಎಂಜಿನ್‌ಗಳು ಬಂದವು. ಅದರ ಚಿತ್ರ ತೋರಿಸಿದಾಗ ಒಬ್ಬ ಹುಡುಗ, "ಸರ್ರ, ನಮ್ಮ ಬ್ಯಾಡಗಿ ಗಾಡಿ ಸ್ವೆಟರ್ ಹಾಕ್ಕೊಂಡಂಗ ಐತ್ರಿ" ಎಂದ.

ನೆರಳನ್ನೂ ಬಿಡಬೇಡಿ. ನಮ್ಮ ಊರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳು ಉತ್ತರಕ್ಕೆ. ಹಳಿ ಇಲ್ಲಿ ಸುಮಾರಾಗಿ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತದೆ ಎಂದು ಗೊತ್ತಿದ್ದರೆ, ಮಧ್ಯಾಹ್ನ ತೆಗೆದ ಫೋಟೊದಿಂದ ಬೇಸಿಗೆ–ಮಳೆಗಾಲವೋ ಚಳಿಗಾಲವೋ ಎಂದು ಹೇಳಬಹುದು.

ಪಾಲಕರಲ್ಲಿ ಒಂದು ವಿನಂತಿ. ಫೋಟೊದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂದೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು: ಯಾರು, ಎಲ್ಲಿ, ಯಾವ ವರ್ಷ. ಲ್ಯಾಮಿನೇಷನ್ ಮಾಡಿಸಬೇಡಿ. ಅಂಟಿನ ಹಾಳೆಯ ಆಲ್ಬಮ್ಮಿಗೆ ಹಾಕಿದರೆ ಹತ್ತು ವರ್ಷದ ಮೇಲೆ ಬಿಡಿಸಲು ಬಾರದು. ಎಂಜಿನ್ನುಗಳನ್ನು ಹತ್ತಿರದಿಂದ ನೋಡಬೇಕೆನ್ನುವ ಮಕ್ಕಳಿಗೆ 1979ರಿಂದ ಇರುವ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದಾಗಿದೆ.

ಈಗ ನಮ್ಮ ಹಳಿಗಳ ಮೇಲೆ ವಿದ್ಯುತ್ ತಂತಿ ಬಂದಿದೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದ ಮೇಲೆ ಮಕ್ಕಳು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಮೊಬೈಲಿನಲ್ಲಿ ನೂರಾರು ಫೋಟೊ ತೆಗೆದಿದ್ದಾರೆ. ಇನ್ನು ಐವತ್ತು ವರ್ಷಕ್ಕೆ ಯಾರಾದರೂ ಅವನ್ನು ನೋಡಿದರೆ, ಮೇಲಿನ ತಂತಿಯೇ ಅವರಿಗೆ ನಮ್ಮ ಮೂರು ಗೀಟು.

ಒಂದು ಫೋಟೊ ಮಾತ್ರ ಇನ್ನೂ ಪತ್ತೆಯಾಗಿಲ್ಲ. ರಾಣೆಬೆನ್ನೂರಿನ ಒಂದು ಮನೆಯದು. ಮದುವೆ ದಿಬ್ಬಣ, ರಾತ್ರಿ, ಫ್ಲಾಶ್ ಹೊಡೆದು ತೆಗೆದದ್ದು. ಎರಡು ಬಫರ್ ಕಾಣುತ್ತವೆ, ನಂಬರಿನಲ್ಲಿ 1 ಕಾಣುತ್ತದೆ, ಎರಡನೆಯ ಅಂಕಿಯ ಮೇಲೆ ಮದುಮಗನ ಬಾಸಿಂಗ. ಕಳೆದ ಸಲ ಹಾವೇರಿಯಿಂದ ಮರಳುವಾಗ ಅರ್ಧ ತರಗತಿ ಅದು 6 ಎಂದಿತು, ಅರ್ಧ ತರಗತಿ 8 ಎಂದಿತು. ದೇವರಗುಡ್ಡ ದಾಟಿದರೂ ಜಗಳ ಹರಿಯಲಿಲ್ಲ. ಅಷ್ಟರಲ್ಲಿ ರಾಣೆಬೆನ್ನೂರು ಬಂತು, ಚೀಲ ಎಣಿಸಿಕೊಂಡು ಇಳಿದೆವು.